ಕನ್ನಡಕದವರು ಹೆಸರು ಹುಡುಕಿದ್ದು

ನಮ್ಮ ಬೀದಿಯ ಕನ್ನಡಕದವರು ತಮ್ಮ ಮಗಳಿಗೆ ಹೆಸರಿಡಲು ತೆಗೆದುಕೊಂಡದ್ದು ಅರ್ಧ ಗಂಟೆ. ತಮ್ಮ ಅಂಗಡಿಯ ವೆಬ್‌ಸೈಟಿಗೆ ಹೆಸರಿಡಲು ತೆಗೆದುಕೊಂಡದ್ದು ಏಳು ವಾರ. ಇದನ್ನು ನಾನು ಚಾಡಿಯ ಧಾಟಿಯಲ್ಲಿ ಹೇಳುತ್ತಿಲ್ಲ. ಅವರ ಅಂಗಡಿಗೂ ನನ್ನ ಪ್ರಿಂಟಿಂಗ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನ ಗೋಡೆ. ಆ ಏಳು ವಾರವನ್ನು ಅವರಷ್ಟೇ ನಾನೂ ಅನುಭವಿಸಿದ್ದೇನೆ, ಹಾಗಾಗಿ ಬರೆಯುವ ಹಕ್ಕು ನನಗಿದೆ.

ಎಲ್ಲ ಶುರುವಾದದ್ದು ಮೂಲೆಯಂಗಡಿಯ ಮರದ ಸಾಮಾನಿನವರಿಂದ. ವೆಬ್‌ಸೈಟಿನ ಹೆಸರಿನಲ್ಲಿ ಪದಗಳ ನಡುವೆ ಜಾಗ ಬಿಡುವಂತಿಲ್ಲ. ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ನಿಲ್ಲಬೇಕು. ಮರದ ಸಾಮಾನಿನವರು ಮೂರು ಮರ್ಯಾದಸ್ಥ ಇಂಗ್ಲಿಷ್ ಪದಗಳನ್ನು ಹಾಗೆ ಅಂಟಿಸಿ, ಆರಡಿ ಬೋರ್ಡು ಮಾಡಿಸಿ ಬಾಗಿಲ ಮೇಲೆ ಹಾಕಿದರು. ಓದುವವರು ತಮಗೆ ಬೇಕಾದ ಕಡೆ ಕತ್ತರಿಸಿಕೊಂಡು ಓದಿದರು. ಆಗ ನಡುವೆ ಎದ್ದು ನಿಂತ ಪದ ಯಾವುದೆಂದು ನಾನು ಬರೆಯುವುದಿಲ್ಲ. ನನ್ನ ಮನೆಯವರೂ ಇದನ್ನು ಓದುತ್ತಾರೆ. ಹನ್ನೊಂದು ದಿನ ಜನ ಬಂದು ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ವ್ಯಾಪಾರ ಕುದುರಿತೆಂದು ಹಿಗ್ಗಿದ ಮರದ ಸಾಮಾನಿನವರು ಬಂದವರಿಗೆಲ್ಲ ಹೊಸ ಕುರ್ಚಿ ಹಾಕಿಸಿ ಕೂರಿಸಿದರು. ಹನ್ನೆರಡನೆಯ ದಿನ ಅವರ ಅತ್ತೆ ಬಂದು, ಬೋರ್ಡು ಓದಿ, ಒಳಗೆ ಕಾಲಿಡದೆ ಬಂದ ಗಾಡಿಯಲ್ಲೇ ವಾಪಸು ಹೋದರು. ಆ ಬೋರ್ಡು ಅಚ್ಚು ಹಾಕಿದವನು ನಾನು. ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚು ಹಾಕುವುದು ನನ್ನ ವೃತ್ತಿಧರ್ಮ ಎಂದು ಹೇಳಿ ಕೈ ತೊಳೆದುಕೊಂಡೆ.

ಮರದ ಸಾಮಾನಿನವರಿಗೆ ವೆಬ್‌ಸೈಟು ಇದೆ ಎಂಬ ಒಂದೇ ಕಾರಣಕ್ಕೆ ತಮಗೂ ಬೇಕು ಎಂದು ನಮ್ಮ ಕನ್ನಡಕದವರು ತೀರ್ಮಾನಿಸಿದ್ದು ಅದೇ ವಾರ. ಈ ಗಲಾಟೆ ನೋಡಿ ಬೇರೆ ಯಾರಾದರೂ ಆಗಿದ್ದರೆ ಆಸೆ ಬಿಡುತ್ತಿದ್ದರು. ಇವರು ಬಿಡಲಿಲ್ಲ, ಹೆದರಿದರು. ಆಸೆಯನ್ನೂ ಹೆದರಿಕೆಯನ್ನೂ ಒಟ್ಟಿಗೇ ಇಟ್ಟುಕೊಂಡು ಓಡಾಡತೊಡಗಿದರು. ಕಾಲೇಜಿಗೆ ಹೋಗುವ ಮಗಳು ಐದು ನಿಮಿಷದಲ್ಲಿ ಆರು ಹೆಸರು ಬರೆದುಕೊಟ್ಟು, ಇವುಗಳಲ್ಲಿ ಯಾವುದಾದರೊಂದನ್ನು ಆರಿಸು, ಸಂಜೆಯೊಳಗೆ ಎಲ್ಲ ಮಾಡಿಕೊಡುತ್ತೇನೆ ಎಂದಳು. ಇವರು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಹೆಂಡತಿಯಿಂದ ಓದಿಸಿದರು. ಆಕೆ ಅಂಗಡಿಯ ಕೌಂಟರಿನಲ್ಲಿ ಕೂತು ಫ್ರೇಮಿನ ತಿರುಪು ಬಿಗಿ ಮಾಡುವವರು, ಇವರಿಗಿಂತ ಚುರುಕು. ಆರೂ ಹೆಸರನ್ನು ಸರಿಯಾಗಿ ಓದಿದರು. ನಾನೂ ಸರಿಯಾಗಿಯೇ ಓದಿದೆ. ಕನ್ನಡಕದವರಿಗೆ ಸಮಾಧಾನವಾಗಲಿಲ್ಲ. ಅರ್ಥ ಗೊತ್ತಿದ್ದವರು ಸರಿಯಾಗಿ ಓದುವುದು ಯಾವ ಸೀಮೆಯ ಪರೀಕ್ಷೆ ಎಂದು ನನ್ನನ್ನು ಕೇಳಿದರು. ಏನೂ ಗೊತ್ತಿಲ್ಲದವರು ಬೇಕು, ಅವರು ತಾವಾಗಿ ಬರಬೇಕು, ಎದುರಿಗೆ ಇಟ್ಟದ್ದನ್ನು ಯಾಕೆ ಏನು ಎಂದು ಕೇಳದೆ ಗಟ್ಟಿಯಾಗಿ ಓದಬೇಕು. ಅಂಥ ಜನ ಎಲ್ಲಿ ಸಿಗುತ್ತಾರೆ ಎಂದು ಅವರು ಯೋಚಿಸುತ್ತಿರುವಾಗಲೇ ಒಬ್ಬರು ಬಂದು ಸ್ಟೂಲಿನ ಮೇಲೆ ಕೂತು, ಎಡಗಣ್ಣು ಮುಚ್ಚಿಕೊಂಡು, ಎದುರಿನ ಗೋಡೆಯ ಚಾರ್ಟನ್ನು ಓದತೊಡಗಿದರು.

ಕನ್ನಡಕದವರ ಮುಖದಲ್ಲಿ ಆಗ ಮೂಡಿದ ಬೆಳಕನ್ನು ನಾನು ಮರೆಯಲಾರೆ.

ಆ ಚಾರ್ಟಿನ ಬಗ್ಗೆ ಒಂದು ಮಾತು. ಮೇಲೆ ದೊಡ್ಡದಾಗಿ ‘ಕೆ’, ಅದರ ಕೆಳಗೆ ‘ಎಚ್ ಟಿ’, ಅದರ ಕೆಳಗೆ ‘ವಿ ಓ ಝಡ್’, ಹೀಗೆ ಕೆಳಗಿಳಿದಂತೆ ಚಿಕ್ಕದಾಗುವ ಅಕ್ಷರಗಳು. ಅಂಗಡಿ ಶುರುವಾದಾಗಿನಿಂದ, ಇಪ್ಪತ್ತೆರಡು ವರ್ಷ, ಅದೇ ಚಾರ್ಟು. ಎರಡು ಸಲ ಹಳದಿಯಾದಾಗಲೂ ಅದನ್ನೇ ನೋಡಿ ಮತ್ತೆ ಅಚ್ಚು ಹಾಕಿಕೊಟ್ಟವನು ನಾನೇ. ಅಂಗಡಿಯ ಮುಂದೆ ಹಗ್ಗ ಜಿಗಿಯುವ ಹುಡುಗಿಯರು ಒಂದು ಎರಡು ಎಂದು ಎಣಿಸುವುದಿಲ್ಲ, ‘ಕೆ ಎಚ್ ಟಿ ವಿ ಓ ಝಡ್’ ಎಂದು ಜಿಗಿಯುತ್ತಾರೆ. ಅದು ನಮಗೆಲ್ಲ ಚೆಂದವಾಗಿಯೇ ಕೇಳುತ್ತಿತ್ತು. ಅದರಾಚೆಗೆ ಯಾರೂ ಯೋಚಿಸಿರಲಿಲ್ಲ.

ಮರುದಿನ ಕನ್ನಡಕದವರು ಆ ಆರು ಹೆಸರುಗಳನ್ನು ತಂದು, ಚಾರ್ಟಿನ ಹಾಗೆಯೇ ಆರು ಸಾಲಾಗಿ, ಮೇಲಿನದು ದೊಡ್ಡದು ಕೆಳಗಿನದು ಚಿಕ್ಕದು ಮಾಡಿ ಅಚ್ಚು ಹಾಕಿಕೊಡಿ ಎಂದರು. ಹಾಕಿಕೊಟ್ಟೆ. ಹಳೆಯದನ್ನು ಇಳಿಸಿದರು. ಇಪ್ಪತ್ತೆರಡು ವರ್ಷದ ಧೂಳು ಹಿಡಿದ ಗೋಡೆಯ ನಡುವೆ ಅದು ಇದ್ದ ಜಾಗ ಬೆಳ್ಳಗೆ, ಅಚ್ಚುಕಟ್ಟಾಗಿ, ಬಾಗಿಲಿನ ಆಕಾರದಲ್ಲಿ ಉಳಿದಿತ್ತು. ಹೊಸ ಚಾರ್ಟು ಅದರ ಮೇಲೆ ಸರಿಯಾಗಿ ಕೂತಿತು. ಬದಲಾಯಿಸಿದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಪರೀಕ್ಷೆ ಕೆಡುತ್ತದೆ ಎಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡರು.

ಮುಂದಿನ ಐದು ವಾರ ಆ ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆ ನಡೆಯಲಿಲ್ಲ, ಹೆಸರಿನ ಪರೀಕ್ಷೆ ನಡೆಯಿತು. ಕನ್ನಡಕದವರು ಒಂದು ನೋಟ್ ಪುಸ್ತಕ ಹಿಡಿದು, ಯಾರು ಯಾವ ಸಾಲನ್ನು ಎಲ್ಲಿ ಕತ್ತರಿಸಿದರು ಎಂದು ಬರೆದುಕೊಂಡರು. ರಿಟೈರಾದ ಹೆಡ್‌ಮಾಸ್ತರರು ಎರಡನೆಯ ಸಾಲಿನಲ್ಲಿ ತಪ್ಪು ಹಿಡಿದು, ಅದನ್ನು ತಿದ್ದುವವರೆಗೆ ಮೂರನೆಯದಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತರು. ಅಂಚೆ ಕಚೇರಿಯ ಗುಮಾಸ್ತರು ಮೂರನೆಯ ಸಾಲಿಗೆ ಬಂದು, ಹೆಂಗಸರ ಎದುರು ಇದನ್ನು ಓದಲಾರೆ ಎಂದು ತೆರೆದಿದ್ದ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡರು. ಅವರ ಹಿಂದೆಯೇ ಕೂತ ಆಸ್ಪತ್ರೆಯ ನರ್ಸಮ್ಮ ಅದೇ ಸಾಲನ್ನು ಬೀದಿಗೆ ಕೇಳುವ ಹಾಗೆ ಓದಿ, ಅದು ದೇಹದ ಯಾವ ಭಾಗ, ಅದಕ್ಕೆ ಏನೇನು ಕಾಯಿಲೆ ಬರುತ್ತದೆ ಎಂದೂ ವಿವರಿಸಿದರು. ಗುಮಾಸ್ತರು ಕನ್ನಡಕದ ನಂಬರಿನ ಚೀಟಿ ಕೂಡ ತೆಗೆದುಕೊಳ್ಳದೆ ಎದ್ದು ಹೋದರು. ಮೂರನೆಯ ಹೆಸರಿಗೆ ಕೆಂಪು ಗೆರೆ ಬಿತ್ತು.

ಉಳಿದ ಐದಕ್ಕೂ ಬೀಳುವುದರಲ್ಲಿತ್ತು. ಏಕೆಂದರೆ ಸ್ಟೂಲಿನ ಮೇಲೆ ಕೂತವರು ಒಂದಲ್ಲ ಒಂದು ರೀತಿ ತಪ್ಪು ಓದುತ್ತಲೇ ಇದ್ದರು. ಒಂದು ಸಂಜೆ ಮಗಳು ತಡೆಯಲಾರದೆ ಹೇಳಿದಳು.

“ಅಪ್ಪಾ, ಅವರಿಗೆ ಕಣ್ಣು ಕಾಣಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದಾರೆ.”

“ಕಣ್ಣು ಕಾಣದವರೇ ತಾನೇ ನಮ್ಮ ಗಿರಾಕಿಗಳು?” ಎಂದರು ಇವರು. “ಅವರೇ ತಪ್ಪು ಓದೋದಾದ್ರೆ ಹೆಸರು ಯಾರಿಗೆ ಇಡ್ತಿದೀವಿ?”

ಮಗಳು ನನ್ನ ಮುಖ ನೋಡಿದಳು. ನಾನು ಆ ವಾದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ನಡುವೆ ಇನ್ನೊಂದು ವಿಚಿತ್ರ ನಡೆಯುತ್ತಿತ್ತು, ನಾವು ಗಮನಿಸಲಿಲ್ಲ. ಹಳೆಯ ಗಿರಾಕಿಗಳು ಸ್ಟೂಲಿನ ಮೇಲೆ ಕೂತು, ಬಾಯಿ ತೆರೆದು, ಗೋಡೆ ನೋಡಿ, ಬಾಯಿ ಮುಚ್ಚುತ್ತಿದ್ದರು. ದರ್ಜಿ ಅಂತೂ ಸಿಟ್ಟಾಗಿ, ಹಳೇ ಚಾರ್ಟು ನನಗೆ ಚೆನ್ನಾಗಿ ಕಾಣುತ್ತಿತ್ತು, ಇದು ಕಾಣುತ್ತಿಲ್ಲ, ಅದನ್ನೇ ಹಾಕಿ ಎಂದು ಕೇಳಿದ. ಕನ್ನಡಕದವರು ನನ್ನ ಅಂಗಡಿಗೆ ಬಂದು, ನಿಮ್ಮ ಅಚ್ಚು ಸರಿಯಿಲ್ಲ, ಮಸಿ ತೆಳುವಾಗಿದೆ ಎಂದರು. ಇಪ್ಪತ್ತೆರಡು ವರ್ಷದ ನೆರೆಯವರಿಂದ ಇಂಥ ಮಾತು ಕೇಳಿ ನನಗೆ ಬೇಜಾರಾಯಿತು. ಸ್ಕೇಲು ತಂದು ಪ್ರತಿ ಅಕ್ಷರವನ್ನೂ ಅಳೆದು ತೋರಿಸಿದೆ. ಎರಡು ದಿನ ಮಾತು ಬಿಟ್ಟೆವು.

ಆರನೆಯ ವಾರದ ಕೊನೆಗೆ ಕನ್ನಡಕದವರ ಹೆಂಡತಿಯ ಅಣ್ಣ ಬಂದರು. ಬೀದಿಗೆಲ್ಲ ಅವರು ವ್ಯಾನ್ ಮಾವ. ಹತ್ತೊಂಬತ್ತು ವರ್ಷದಿಂದ ಶಾಲೆಯ ವ್ಯಾನು ಓಡಿಸುವವರು. ನನ್ನ ಮೊಮ್ಮಗಳೂ ಅದರಲ್ಲೇ ಹೋಗಿ ಬರುತ್ತಾಳೆ. ಆ ವ್ಯಾನು ನಡೆದುಕೊಂಡು ಹೋಗುವವರಿಗಿಂತ ಸ್ವಲ್ಪವೇ ಮುಂದಿರುತ್ತಿತ್ತು. ಅಷ್ಟು ಜೋಪಾನದ ಮನುಷ್ಯ ಇನ್ನೊಬ್ಬರಿಲ್ಲ ಎಂದು ಹೋದ ವರ್ಷ ಶಾಲೆಯವರು ಅವರಿಗೆ ಒಂದು ಪ್ರಶಂಸಾಪತ್ರ ಕೊಟ್ಟರು. ಅದನ್ನು ಅಚ್ಚು ಹಾಕಿದವನೂ ನಾನೇ. ರಜೆಯಲ್ಲಿ ಮಗಳ ಮನೆಗೆ ಹೋಗಿದ್ದವರು ಆಗಷ್ಟೇ ಬಂದಿದ್ದರು. ಚಾರ್ಟಿನ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಸೋಮವಾರ ಶಾಲೆ ಶುರು. ಅದಕ್ಕೆ ಮೊದಲು ಕಣ್ಣು ಸರಿಯಾಗಿದೆ ಎಂದು ಪ್ರತಿ ವರ್ಷ ಒಂದು ಚೀಟಿ ಕೊಡಬೇಕು, ಅದನ್ನು ಬರೆದುಕೊಡುತ್ತಿದ್ದವರು ಕನ್ನಡಕದವರು. ಈ ಚೀಟಿ ಇಲ್ಲದೆ ವ್ಯಾನಿನ ಕೀಲಿ ಕೈಗೆ ಬರುವುದಿಲ್ಲ.

ಭಾವ ಬಂದದ್ದು ಕನ್ನಡಕದವರಿಗೆ ದೊಡ್ಡ ಬಲ ಬಂದ ಹಾಗಾಯಿತು. ಇಡೀ ಬೀದಿಯಲ್ಲಿ ಒಂದಕ್ಷರ ತಪ್ಪದೆ ಓದುವವರು ಇವರೊಬ್ಬರೇ; ಇವರು ಸರಿಯಾಗಿ ಓದಿದ ಹೆಸರನ್ನು ಕಣ್ಣು ಮುಚ್ಚಿ ಇಟ್ಟುಬಿಡುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿ, ನೋಟ್ ಪುಸ್ತಕ ತೆರೆದರು. ವ್ಯಾನ್ ಮಾವ ಸ್ಟೂಲಿನ ಮೇಲೆ ಕೂತು, ತಂಗಿ ಕೊಟ್ಟ ನೀರು ಕುಡಿದು, ಎಡಗಣ್ಣಿನ ಮೇಲೆ ಅಂಗೈ ಇಟ್ಟು, ನಿರಾಳವಾಗಿ ಶುರು ಮಾಡಿದರು.

“ಕೆ. ಎಚ್, ಟಿ. ವಿ, ಓ, ಝಡ್. ಪಿ, ಡಿ, ಎಲ್, ಎನ್...”

ಕನ್ನಡಕದವರ ಪೆನ್ನು ತಡವರಿಸಿತು. ಮೊದಲ ಹೆಸರಿನಲ್ಲಿ ‘ಕೆ’ ಎಲ್ಲಿಯೂ ಇರಲಿಲ್ಲ. ಅವರು ಒಮ್ಮೆ ಚಾರ್ಟು ನೋಡಿದರು, ಒಮ್ಮೆ ಪುಸ್ತಕ ನೋಡಿದರು. ಕೊನೆಯ ಸಾಲಿನವರೆಗೂ ಎಲ್ಲವನ್ನೂ ಬರೆದುಕೊಂಡು, ಕೆಂಪು ಪೆನ್ನು ತೆಗೆದು, ಉಳಿದಿದ್ದ ಹೆಸರುಗಳಿಗೆ ಒಂದೊಂದಾಗಿ ಗೆರೆ ಎಳೆದರು. ಭಾವನಂಥವರೇ ಇಷ್ಟು ತಪ್ಪು ಓದಿದ ಮೇಲೆ ಈ ಹೆಸರುಗಳಿಗೆ ಇನ್ನು ಗತಿಯಿಲ್ಲ, ಮೊದಲಿಂದ ಹುಡುಕಬೇಕು ಎಂದು ನಿಟ್ಟುಸಿರು ಬಿಟ್ಟರು. ನನ್ನ ಗೆಳೆಯರ ಬುದ್ಧಿ ಒಂದು ದಾರಿ ಹಿಡಿದರೆ ಆ ದಾರಿಯ ಕೊನೆ ಮುಟ್ಟದೆ ತಿರುಗುವುದಿಲ್ಲ.

ಕೌಂಟರಿನಲ್ಲಿ ತಿರುಪು ಬಿಗಿ ಮಾಡುತ್ತಿದ್ದ ಅವರ ಹೆಂಡತಿಯ ಕೈ ನಿಂತಿತ್ತು. ಆಕೆ ಎದ್ದು ಬಂದು ಗಂಡನ ಪಕ್ಕ ನಿಂತು, ಅಣ್ಣನಿಗೆ ಕೇಳದ ಹಾಗೆ, ಅಣ್ಣ ಓದಿದ್ದು ಹಳೇ ಚಾರ್ಟು ಎಂದರು. ಇವರು ಒಪ್ಪಲಿಲ್ಲ. ಭಾವ ತಮಾಷೆ ಮಾಡುತ್ತಿದ್ದಾರೆ, ಚಾರ್ಟು ಬದಲಾಯಿಸಿದ್ದನ್ನು ಯಾರೋ ಬಾಯಿ ಬಿಟ್ಟಿರಬೇಕು ಎಂದು ನನ್ನತ್ತ ಕಣ್ಣು ಬಿಟ್ಟರು. ಆಕೆ ಗೋಡೆಯ ಹತ್ತಿರ ಹೋಗಿ, ಹೊಸ ಚಾರ್ಟಿನ ಎರಡು ಮೊಳೆ ಕಿತ್ತು, ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಗೋಡೆಯ ಮೇಲೆ ಉಳಿದದ್ದು ಆ ಬೆಳ್ಳನೆಯ ಜಾಗ ಮಾತ್ರ.

“ಇನ್ನೊಂದು ಕಣ್ಣು, ಅಣ್ಣ,” ಎಂದರು.

ವ್ಯಾನ್ ಮಾವ ಅಂಗೈ ಬದಲಾಯಿಸಿದರು. ಖಾಲಿ ಗೋಡೆ ನೋಡುತ್ತಾ, ಅಷ್ಟೇ ನಿರಾಳವಾಗಿ, ಮೇಲಿನಿಂದ ಕೆಳಗಿನವರೆಗೆ ಅಷ್ಟನ್ನೂ ಓದಿದರು. ಕೊನೆಯ ಸಾಲಿನಲ್ಲಿ ಎಂದಿನ ಹಾಗೆ ಸ್ವಲ್ಪ ತಡೆದು, ಕಣ್ಣು ಕಿರಿದು ಮಾಡಿ, ಕಷ್ಟಪಟ್ಟು ಕಂಡುಹಿಡಿದವರಂತೆ ಕೊನೆಯ ಅಕ್ಷರವನ್ನೂ ಹೇಳಿದರು. ಆ ತಡೆಯುವಿಕೆಯನ್ನು ನೋಡಿ ನನಗೆ ನಗು ಬರಬೇಕಿತ್ತು. ಕಣ್ಣು ತುಂಬಿ ಬಂತು. ಓದಿ ಮುಗಿಸಿ ಅವರು ಚೀಟಿಗಾಗಿ ಕೈ ಚಾಚಿದರು.

ಕನ್ನಡಕದವರು ನೋಟ್ ಪುಸ್ತಕ ಮುಚ್ಚಿ, ಭಾವನ ಎದುರು ಹೋಗಿ ನೆಲದ ಮೇಲೆಯೇ ಕೂತರು. ಈ ಅಂಗಡಿಯ ಬಾಗಿಲಿಗೆ ಮೊದಲ ದಿನ ಬೀಗ ತಂದುಕೊಟ್ಟವರು, ತಂಗಿಯ ಮದುವೆಯನ್ನು ತಾವೇ ನಿಂತು ಮಾಡಿಸಿದವರು ಈ ಭಾವ.

“ಭಾವ, ಗೋಡೆ ಮೇಲೆ ಏನೂ ಇಲ್ಲ,” ಎಂದರು.

ವ್ಯಾನ್ ಮಾವನ ಚಾಚಿದ ಕೈ ಹಾಗೆಯೇ ಇತ್ತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

“ಎರಡು ವರ್ಷ ಆಯ್ತು,” ಎಂದರು. “ಎದುರಿಗೆ ಏನಾದ್ರೂ ಬಂದ್ರೆ ಗೊತ್ತಾಗುತ್ತೆ, ಅದಕ್ಕೇ ನಿಧಾನ ಹೋಗ್ತೀನಿ. ಮಕ್ಕಳ ಮುಖ ಗೊತ್ತಾಗಲ್ಲ. ದನಿ ಕೇಳಿ ಹತ್ತಿಸ್ಕೋತೀನಿ, ದನಿ ಎಣಿಸಿ ಇಳಿಸ್ತೀನಿ. ಇದುವರೆಗೂ ಒಂದೂ ತಪ್ಪಿಲ್ಲ.” ಮತ್ತೆ ಕೈ ಚಾಚಿ ಹೇಳಿದರು: “ವ್ಯಾನು ಬಿಟ್ರೆ ನನಗೆ ಇನ್ನೇನೂ ಗೊತ್ತಿಲ್ಲ, ಕನ್ನಡಕದವರೇ. ಈ ವರ್ಷ ಒಂದು ಬರ್ಕೊಡಿ.”

ಆ ಕ್ಷಣದಲ್ಲಿ ನಾನು ನೆನೆದದ್ದು ವ್ಯಾನಿನ ಮೂರನೆಯ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರುವ ನನ್ನ ಮೊಮ್ಮಗಳನ್ನು. ಕನ್ನಡಕದವರು ಚೀಟಿಯ ಪುಸ್ತಕ ಕೈಗೆ ತೆಗೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಹೆಂಡತಿಯ ಮುಖ ನೋಡಿದರು. ಆಕೆ ಅಣ್ಣನ ಕಡೆ ಮಾತಾಡುತ್ತಾರೆ ಎಂದು ನಾನು ಕಾದೆ.

“ಹೋದ ವರ್ಷ ಹೇಗೆ ಬರ್ಕೊಟ್ರಿ?” ಎಂದು ಆಕೆ ಗಂಡನನ್ನು ಕೇಳಿದರು.

ಇವರು ಉತ್ತರ ಹುಡುಕಿದರು. ಹೆಸರು ಹುಡುಕುವುದಕ್ಕೆ ಆರು ವಾರ ತೆಗೆದುಕೊಂಡವರು ಇದಕ್ಕೆ ಅರ್ಧ ನಿಮಿಷ ತೆಗೆದುಕೊಂಡಿರಬಹುದು. ನಾನು ಚಾರ್ಟು ನೋಡ್ತಾ ನಿಂತಿದ್ದೆ, ಭಾವನ ಕಣ್ಣು ನೋಡಲಿಲ್ಲ ಎಂದರು. ಅಷ್ಟು ಹೇಳಿ ದೀಪ ತಂದು, ಭಾವನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಎರಡು ಕಣ್ಣಲ್ಲೂ ಪೊರೆ ಬಲಿತು ಹಾಲಿನ ಬಣ್ಣಕ್ಕೆ ತಿರುಗಿತ್ತು. ಹತ್ತಿರದಿಂದ ನೋಡಿದ್ದರೆ ನನ್ನಂಥವನಿಗೂ ಕಾಣುತ್ತಿತ್ತು.

ಚೀಟಿ ಬರೆಯಲಿಲ್ಲ. ಅದರ ಬದಲು ಕಣ್ಣಿನ ಆಸ್ಪತ್ರೆಗೆ ಒಂದು ಕಾಗದ ಬರೆದರು. ವ್ಯಾನ್ ಮಾವ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ತಂಗಿಗೂ ಹೇಳದೆ ಹೊರಟುಹೋದರು. ಅವರು ಮೂರು ತಿಂಗಳು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಮರುದಿನದಿಂದ ಕನ್ನಡಕದವರು ಬಾಗಿಲಲ್ಲಿ ನಿಂತು, ದಾರಿಯಲ್ಲಿ ಹೋಗುವ ಹಳೆಯ ಗಿರಾಕಿಗಳನ್ನೆಲ್ಲ ಒಳಗೆ ಕರೆದರು. ಬೀದಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ತುರ್ತು ಕೆಲಸಗಳು ಬಂದವು. ಅಂಚೆಯ ಗುಮಾಸ್ತರು ಬೀದಿಯ ಎದುರು ಬದಿಯಲ್ಲಿ ನಡೆಯತೊಡಗಿದರು. ಹೆಡ್‌ಮಾಸ್ತರರು ತಾವು ಇಪ್ಪತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಬೇಡಿ ಎಂದು ಬುದ್ಧಿ ಹೇಳಿದವರೆಂಬುದನ್ನು ಯಾರಾದರೂ ನೆನಪಿಸಿಯಾರೆಂದು ಮನೆಯಿಂದ ಹೊರಗೇ ಬರಲಿಲ್ಲ. ಎಳೆದು ತಂದು ಕೂರಿಸಿದಾಗ ಒಂಬತ್ತು ಜನರ ಪವರ್ ಬದಲಾಗಿತ್ತು. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ನಾಲಿಗೆಗೆ ಗೊತ್ತಿದ್ದುದರಿಂದ ಕಣ್ಣಿಗೆ ಕೆಲಸವೇ ಬೀಳುತ್ತಿರಲಿಲ್ಲ.

ಒಂಬತ್ತನೆಯವನು ನಾನು. ಒಂದು ವರ್ಷದಿಂದ ಗಿರಾಕಿಗಳು ನನ್ನ ಅಚ್ಚಿನ ಗೆರೆಗಳು ಓರೆ ಎಂದು ಹೇಳುತ್ತಿದ್ದರು, ನಾನು ಕಾಗದದವರನ್ನು ಬೈಯುತ್ತಿದ್ದೆ. ಹೊಸ ಕನ್ನಡಕ ಹಾಕಿಕೊಂಡು ಗೋಡೆಗೆ ಅಂಟಿಸಿದ್ದ ನನ್ನದೇ ಮಾದರಿಗಳನ್ನು ನೋಡಿ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋಗಿ ಮಲಗಿದೆ.

ಏಳನೆಯ ವಾರ ಹೆಸರಿನ ಮಾತು ಬಂದಾಗ ಕನ್ನಡಕದವರು, ಅದೊಂದು ಕೇಳಬೇಡಿ ಎಂದು ಕೈ ಮುಗಿದರು. ಅಷ್ಟರಲ್ಲಿ ಮಗಳು ಅಪ್ಪನನ್ನು ಕೇಳದೆ ಹೆಸರು ತೆಗೆದುಕೊಂಡುಬಿಟ್ಟಿದ್ದಳು: ಹಳೆಯ ಚಾರ್ಟಿನ ಮೊದಲ ಮೂರು ಸಾಲು, ಕೆ ಎಚ್ ಟಿ ವಿ ಓ ಝಡ್. ಅದರಲ್ಲಿ ಯಾವ ಪದವೂ ಇಲ್ಲದ್ದರಿಂದ ಕೆಟ್ಟ ಪದ ಹುಟ್ಟುವ ಭಯವಿಲ್ಲ, ಇಡೀ ಬೀದಿ ಅರೆದು ಕುಡಿದದ್ದರಿಂದ ಮರೆಯುವ ಭಯವೂ ಇಲ್ಲ. ಬೋರ್ಡು ಅಚ್ಚು ಹಾಕುವ ಮೊದಲು ನಾನು ಅದನ್ನು ಎಡದಿಂದ, ಬಲದಿಂದ, ಕನ್ನಡಿಯಲ್ಲಿ, ತಲೆಕೆಳಗಾಗಿ ಓದಿ ನೋಡಿದೆ. ಮರದ ಸಾಮಾನಿನವರು ಬಂದು ಬಹಳ ಹೊತ್ತು ಅದರ ಕೆಳಗೆ ನಿಂತಿದ್ದು, ಏನೂ ಸಿಗದೆ, ಮುಖ ಸಣ್ಣದು ಮಾಡಿಕೊಂಡು ಹೋದರು.

ಹಳೆಯ ಚಾರ್ಟು ಗೋಡೆಯ ಮೇಲೆ ಮತ್ತೆ ಏರಲಿಲ್ಲ. ಈಗ ಪ್ರತಿ ಸೋಮವಾರ ನಾನು ಬೇರೆ ಬೇರೆ ಅಕ್ಷರಗಳ ಹೊಸ ಚಾರ್ಟು ಹಾಕಿಕೊಡುತ್ತೇನೆ. ಅದನ್ನು ಮುಚ್ಚಿಕೊಂಡೇ ತರಬೇಕೆಂದು ಅಪ್ಪಣೆ.

ವ್ಯಾನಿಗೆ ತಾತ್ಕಾಲಿಕವಾಗಿ ಇನ್ನೊಬ್ಬ ಚಾಲಕ ಬಂದ. ಮೊದಲ ವಾರ ವ್ಯಾನ್ ಮಾವ ದಾರಿ ತೋರಿಸಲು ಅವನ ಪಕ್ಕ ಕೂತು ಹೋದರು. ಆಮೇಲೆ ಒಂದು ಕಣ್ಣಿಗೆ ಆಪರೇಷನ್ ಆಯಿತು, ತಿಂಗಳು ಬಿಟ್ಟು ಇನ್ನೊಂದಕ್ಕೆ. ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ ನನ್ನ ಅಂಗಡಿಯ ಮುಂದೆ ನಿಂತಿದ್ದಾಗ ಮೊಮ್ಮಗಳು ಓಡಿ ಬಂದು ಅವರ ಕೈ ಹಿಡಿದು ಮಾತಾಡಿಸಿದಳು. ಅವರು ಬಗ್ಗಿ ಅವಳ ಮುಖವನ್ನು ತುಂಬಾ ಹೊತ್ತು ನೋಡಿದರು. ಈ ದನಿ ನಿನ್ನದಾ, ನಾನು ದೊಡ್ಡ ಹುಡುಗಿ ಅಂದುಕೊಂಡಿದ್ದೆ ಎಂದರು. ಅವಳಿಗೆ ಅವಮಾನವಾಗಿ, ನಾನು ದೊಡ್ಡವಳೇ ಎಂದು ಹೇಳಿ ಒಳಗೆ ಬಂದಳು.

ಅವತ್ತೇ ಅವರು ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದರು. ತಂಗಿ ನೀರು ಕೊಟ್ಟರು. ನಾನು ಆ ದಿನ ಬೆಳಿಗ್ಗೆ ಹಾಕಿದ ಹೊಸ ಚಾರ್ಟನ್ನು ಮುಚ್ಚಿಕೊಂಡು ತಂದು ಮೊಳೆಗೆ ಸಿಕ್ಕಿಸಿದೆ. ಈ ಸಲ ಕನ್ನಡಕದವರು ಚಾರ್ಟಿನ ಪಕ್ಕ ನಿಲ್ಲಲಿಲ್ಲ. ಭಾವನ ಎದುರು ಕೂತು, ಅವರ ಕಣ್ಣನ್ನೇ ನೋಡುತ್ತಿದ್ದರು.

ವ್ಯಾನ್ ಮಾವ ಓದಿದರು. ಇಷ್ಟು ವರ್ಷ ನೀರು ಕುಡಿದ ಹಾಗೆ ಓದುತ್ತಿದ್ದವರು ಒಂದೊಂದು ಅಕ್ಷರಕ್ಕೂ ನಿಂತು, ಹುಡುಕಿ, ಹೆದರುತ್ತಾ ಓದಿದರು. ಐದು ಸಾಲು ಸರಿಯಾಗಿ ಬಂತು. ಆರನೆಯದರಲ್ಲಿ ಎರಡು ಅಕ್ಷರ ತಪ್ಪಿದವು. ಮುಗಿಸಿ ಅವರು ತಂಗಿಯ ಮುಖ ನೋಡಿದರು, ಆಮೇಲೆ ಕನ್ನಡಕದವರ ಮುಖ.

“ಎರಡು ತಪ್ಪು,” ಎಂದರು ಕನ್ನಡಕದವರು. “ಇಷ್ಟು ವರ್ಷದಲ್ಲಿ ಮೊದಲನೇ ಸಲ ತಪ್ಪು ಓದಿದ್ರಿ, ಭಾವ.”

ಚೀಟಿಯ ಪುಸ್ತಕ ತೆಗೆದು, ಕಣ್ಣು ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರು.

ವ್ಯಾನ್ ಮಾವನಿಗೆ ತೃಪ್ತಿಯಾಗಲಿಲ್ಲ. ಆ ಎರಡು ಅಕ್ಷರ ಈಗ ಕಾಣುತ್ತಿವೆ, ಇನ್ನೊಂದು ಸಲ ಪೂರ್ತಿ ಓದುತ್ತೇನೆ ಎಂದು ಮತ್ತೆ ಅಂಗೈ ಎತ್ತಿ ಒಂದು ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಅವರ ತಂಗಿ ಮೊಳೆ ಕಿತ್ತು ಚಾರ್ಟನ್ನು ಸುತ್ತಲು ಶುರು ಮಾಡಿ ಆಗಿತ್ತು.